ನಾಳೆಯ ಚಿಂತೆಯ ನಡುವೆ ಇಂದಿನ ನೆಮ್ಮದಿ: ಮನೋವೈದ್ಯೆಯೊಂದಿಗೆ ಪ್ರಶ್ನೋತ್ತರ

ನಿರ್ವಾಹಕರಿಂದ: ಗಲ್ಫಿನ ಕೆಲಸ, ತೋಟದ ರೋಗ, ಮಕ್ಕಳ ಉದ್ಯೋಗ ಎಂದು ನಮ್ಮಲ್ಲಿ ಪ್ರತಿ ಮನೆಗೂ ಒಂದು ಆತಂಕ ಇದೆ. ಇಂಥ ಹೊತ್ತಿನಲ್ಲಿ ದಿನ ದೂಡುವುದಷ್ಟೇ ಅಲ್ಲದೆ ಸ್ವಲ್ಪ ನೆಮ್ಮದಿಯಿಂದ ಇರುವುದು ಹೇಗೆ ಎಂದು ಕೇಳಿದವರು ಹಲವರು. ಕಾಸರಗೋಡಿನ ಬದಿಯಡ್ಕ ಭಾಗದಲ್ಲಿ ಕೆಲಸ ಮಾಡುವ ಮನೋವೈದ್ಯೆ, ನಮ್ಮ ಗುಂಪಿನ ಸದಸ್ಯೆ, ಉತ್ತರಿಸಲು ಒಪ್ಪಿದ್ದಾರೆ. ಕೇಳಿದವರ ಹೆಸರು ಹಾಕಿಲ್ಲ.

ಪ್ರಶ್ನೆ (ಪೆರ್ಲದ ಸದಸ್ಯೆ): ಡಾಕ್ಟರೇ, ನನ್ನ ಗಂಡ ಶಾರ್ಜಾದಲ್ಲಿದ್ದಾರೆ. ಕಂಪೆನಿಯಲ್ಲಿ ಜನ ಕಡಿಮೆ ಮಾಡುತ್ತಾರೆ ಎಂಬ ಸುದ್ದಿ ಹಬ್ಬಿ ಕೆಲವು ತಿಂಗಳಾಯಿತು. ಅವರು ಒಂಬತ್ತಕ್ಕೆ ಕೆಲಸ ಮುಗಿಸಿ ಫೋನ್ ಮಾಡುವಾಗ ನಮಗೆ ಹತ್ತೂವರೆ. ಮಾತೆಲ್ಲ ಅದೇ. ಆಮೇಲೆ ನಿದ್ದೆ ಹತ್ತುವುದಿಲ್ಲ, ಮೊಬೈಲಿನಲ್ಲಿ ಗಲ್ಫ್ ಸುದ್ದಿ ನೋಡುತ್ತಾ ಬಿದ್ದುಕೊಂಡಿರುತ್ತೇನೆ. ಮೊದಲೆಲ್ಲ ಸಂಜೆ ಅತ್ತೆಯ ಜೊತೆ ಮಲ್ಲಿಗೆ ಕಟ್ಟುತ್ತಾ ಹರಟುತ್ತಿದ್ದೆ. ಈಗ ಅವರು ಅಲ್ಲಿ ಒದ್ದಾಡುವಾಗ ನಾನಿಲ್ಲಿ ಹಾಯಾಗಿ ಹೂ ಕಟ್ಟುವುದು ತಪ್ಪು ಎನಿಸುತ್ತದೆ.

ಉತ್ತರ: ಅಕ್ಕ, ನಿಮ್ಮ ಕೊನೆಯ ಮಾತಿಗೆ ಮೊದಲು ಉತ್ತರಿಸುತ್ತೇನೆ. ನೀವು ಹೂ ಕಟ್ಟುವುದನ್ನು ಬಿಟ್ಟರೆ ಶಾರ್ಜಾದಲ್ಲಿ ಅವರ ಭಾರ ಎಳ್ಳಷ್ಟೂ ಇಳಿಯುವುದಿಲ್ಲ. ಫೋನಿನಲ್ಲಿ ನಿಮ್ಮ ಸೋತ ದನಿ ಕೇಳಿಸಿದರೆ ಅವರ ತಲೆಗೆ ಇನ್ನೊಂದು ಹೊರೆ ಏರುತ್ತದೆ, ಅಷ್ಟೇ. ಪ್ರೀತಿ ಇದ್ದವರೆಲ್ಲ ಜೊತೆಗೆ ನಿದ್ದೆಗೆಡಬೇಕು ಎಂಬ ನಂಬಿಕೆ ನಮ್ಮ ಹೆಂಗಸರಲ್ಲಿ ಬಹಳ ಆಳವಾಗಿದೆ. ಅದರಿಂದ ಆಗುವ ಹಾನಿಯನ್ನು ನಾನು ದಿನವೂ ನೋಡುತ್ತೇನೆ.

ನನ್ನಲ್ಲಿಗೆ ಬಂದವರಿಗೆ ಹೇಳುವ ಮೊದಲ ಮಾತು, ಚಿಂತೆಯನ್ನು ಎರಡಾಗಿ ಬೇರ್ಪಡಿಸಿ ಎಂದು: ಕೆಲಸ ಇರುವ ಚಿಂತೆ, ಕೆಲಸ ಇಲ್ಲದ ಚಿಂತೆ. 'ಕೆಲಸ ಹೋದರೆ ಕಂಪೆನಿಯಿಂದ ಎಷ್ಟು ಬರಬೇಕು' ಎನ್ನುವುದರಲ್ಲಿ ಕೆಲಸ ಇದೆ. ಯುಎಇಯಲ್ಲಿ ಒಂದು ವರ್ಷ ಪೂರೈಸಿದವರಿಗೆ ಮೊದಲ 5 ವರ್ಷಗಳಿಗೆ ವರ್ಷಕ್ಕೆ 21 ದಿನಗಳ ಮೂಲವೇತನ, ಅನಂತರದ ವರ್ಷಗಳಿಗೆ 30 ದಿನಗಳ ಮೂಲವೇತನ ಎಂದು ಗ್ರಾಚ್ಯುಟಿ ಲೆಕ್ಕ ಹಾಕುತ್ತಾರೆ. ಅವರ ಕರಾರುಪತ್ರ ಮುಂದಿಟ್ಟುಕೊಂಡು ಒಂದು ರಜಾದಿನ ಇಬ್ಬರೂ ಲೆಕ್ಕ ಮಾಡಿ. ಕನಿಷ್ಠ 2 ವರ್ಷ ಹೊರದೇಶದಲ್ಲಿ ದುಡಿದು ಮರಳಿದವರಿಗೆ ಸ್ವಂತ ಉದ್ಯಮಕ್ಕಾಗಿ ನೋರ್ಕಾ ರೂಟ್ಸ್ (ಅನಿವಾಸಿ ಕೇರಳೀಯರಿಗಾಗಿ ಇರುವ ಕೇರಳ ಸರಕಾರದ ಸಂಸ್ಥೆ) ಮೂಲಕ ಸಬ್ಸಿಡಿ ಸಾಲದ ಯೋಜನೆ ಇದೆ, ಅದನ್ನೂ ವಿಚಾರಿಸಿ. ಇಷ್ಟು ಮಾಡಿದ ಮೇಲೆ ಉಳಿಯುವುದು, 'ಅಯ್ಯೋ, ನಿಜವಾಗಿಯೂ ತೆಗೆದುಬಿಟ್ಟರೆ?' ಎನ್ನುವ ಪ್ರಶ್ನೆ. ಇದರಲ್ಲಿ ನೀವು ಮಾಡಬಹುದಾದ ಕೆಲಸ ಒಂದೂ ಇಲ್ಲ.

ಅದನ್ನು ತಲೆಯಿಂದ ಓಡಿಸಲು ಹೋಗಬೇಡಿ, ಓಡಿಸಿದಷ್ಟೂ ಬರುತ್ತದೆ. ಬದಲಿಗೆ ಅದಕ್ಕೊಂದು ಹೊತ್ತು ಗೊತ್ತು ಮಾಡಿ. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೊರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಕ್ರಮ ಇದು. ದಿನವೂ ಒಂದೇ ಜಾಗ, ಒಂದೇ ವೇಳೆ, ಅರ್ಧ ಗಂಟೆ. ಆ ಹೊತ್ತಿನಲ್ಲಿ ಮನಸಾರೆ ಚಿಂತೆ ಮಾಡಿ, ಪುಸ್ತಕದಲ್ಲಿ ಬರೆಯಿರಿ. ಬೇರೆ ಹೊತ್ತಿನಲ್ಲಿ ನೆನಪಾದರೆ 'ಐದು ಗಂಟೆಗೆ ನೋಡೋಣ' ಎಂದುಕೊಂಡು ಕೈಯಲ್ಲಿರುವ ಕೆಲಸಕ್ಕೆ ಮರಳಿ. ಮೊದಲ ವಾರ ಇದು ಸುಳ್ಳೆನಿಸುತ್ತದೆ. ಬಿಡಬೇಡಿ.

ಈಗ ಹೂವಿನ ವಿಷಯ. ಒದ್ದೆ ಮಾಡಿದ ಬಾಳೆನಾರು, ಈ ಬದಿಗೆ ಎರಡು ಮೊಗ್ಗು, ಆ ಬದಿಗೆ ಎರಡು, ಸುತ್ತು, ಗಂಟು. ತೊಟ್ಟು ಜಾರದಂತೆ ಹಿಡಿಯಲು ಬೆರಳು ಬೇಕು, ಸಾಲು ಸಮವಾಗಲು ಕಣ್ಣು ಬೇಕು, ಮೂಗಿಗೆ ಪರಿಮಳ ತಾನಾಗಿ ಬರುತ್ತದೆ. ಗಮನವೆಲ್ಲ ಇಲ್ಲಿ ಹಂಚಿಹೋದಾಗ ಚಿಂತೆಯ ಪಾಲಿಗೆ ಉಳಿಯುವುದು ಕಡಿಮೆ. ಜೊತೆಗೆ ಅತ್ತೆ ಇದ್ದಾರೆ. ಮಗನ ವಿಷಯದಲ್ಲಿ ಅವರಿಗೂ ನಿಮ್ಮಷ್ಟೇ ಭಯ ಇರುತ್ತದೆ, ಬಾಯಿ ಬಿಟ್ಟು ಹೇಳಿರಲಿಕ್ಕಿಲ್ಲ. ಇಂದು ಸಂಜೆಯೇ ಇಬ್ಬರೂ ಹೂ ಕಟ್ಟಲು ಕುಳಿತುಕೊಳ್ಳಿ.

ರಾತ್ರಿಗೆ ಒಂದು ಬದಲಾವಣೆ: ಫೋನಿನಲ್ಲಿ ಕಷ್ಟದ ಮಾತು ಮೊದಲು ಮುಗಿಯಲಿ, ಮಗು ಶಾಲೆಯಲ್ಲಿ ಏನು ಮಾಡಿತು, ಯಾವ ದನ ಕರು ಹಾಕಿತು ಎಂಬಂಥ ಮಾತು ಕೊನೆಗೆ ಬರಲಿ. ಆಮೇಲೆ ಮೊಬೈಲನ್ನು ಚಾವಡಿಯಲ್ಲೇ ಬಿಟ್ಟು ಒಳಗೆ ಹೋಗಿ.

ಅದೇ ಸದಸ್ಯೆ: ಐದು ಗಂಟೆಗೆ ಹಟ್ಟಿ ಕೆಲಸ ಇರುತ್ತದೆ ಡಾಕ್ಟರೇ. ನಿದ್ದೆ ಬಾರದಿದ್ದರೆ ಏನು ಮಾಡಲಿ?

ಉತ್ತರ: ಹಾಗಾದರೆ ನಾಲ್ಕಕ್ಕೆ, ಅಥವಾ ಊಟದ ಪಾತ್ರೆ ತೊಳೆದಾದ ಮೇಲೆ ಮಧ್ಯಾಹ್ನ. ಮಲಗುವ ಹೊತ್ತಿಗೆ ಹತ್ತಿರ ಮಾತ್ರ ಬೇಡ. ಸುಮಾರು ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಹಾಸಿಗೆಯಲ್ಲಿ ಹೊರಳಾಡಬೇಡಿ, ಗಡಿಯಾರ ನೋಡಬೇಡಿ. ಎದ್ದು ಬಂದು ಮಂದ ಬೆಳಕಿನಲ್ಲಿ ಕುಳಿತು, ಬೀನ್ಸ್ ನಾರು ತೆಗೆಯುವಂಥದ್ದೋ ಬಟ್ಟೆ ಮಡಚುವಂಥದ್ದೋ ಅವಸರವಿಲ್ಲದ ಕೆಲಸ ಮಾಡಿ, ಕಣ್ಣು ಭಾರವಾದ ಮೇಲೆ ಮಲಗಿ. ಸಂಜೆಯ ಕಾಫಿಯನ್ನು ಕೊತ್ತಂಬರಿ ಜೀರಿಗೆ ಕಷಾಯಕ್ಕೆ ಬದಲಿಸಿ. ಕಾಫಿಯ ಕೆಫೀನ್ ಐದು ಗಂಟೆ ಕಳೆದರೂ ಅರ್ಧದಷ್ಟು ದೇಹದಲ್ಲಿ ಉಳಿದಿರುತ್ತದೆ.

ಪ್ರಶ್ನೆ (ಎಣ್ಮಕಜೆಯ ಕೃಷಿಕರು): ಮೇಡಂ, ಬೆಳಿಗ್ಗೆ ಎದ್ದು ಅಡಿಕೆ ತೋಟಕ್ಕೊಂದು ಸುತ್ತು ಹಾಕಿದರೆ ನನಗೆ ಬೇರೆ ಸುಖ ಬೇಕಿರಲಿಲ್ಲ. ಕೊಳೆರೋಗದಲ್ಲಿ ಕಾಯಿ ಉದುರಿತು, ಈಗ ಎಲೆಚುಕ್ಕೆ ಬಂದಿದೆ. ಮದ್ದು ಬಿಡಲು ಮರ ಹತ್ತುವವರು ಸಿಗುವುದಿಲ್ಲ. ಸುತ್ತು ಹಾಕುವಾಗ ಪ್ರತಿ ಸೋಗೆಯ ಮೇಲೂ ಚುಕ್ಕೆಯೇ ಕಾಣುತ್ತದೆ. ತಾಳಮದ್ದಳೆಗೆ ಹೋದರೂ ಮನಸ್ಸು ತೋಟದಲ್ಲೇ.

ಉತ್ತರ: ಅಣ್ಣ, ನಿಮ್ಮ ಪ್ರಶ್ನೆ ಓದಿ ನನಗೆ ನಿಜಕ್ಕೂ ನೋವಾಯಿತು. ಸುಖ ಕೊಡುತ್ತಿದ್ದ ಜಾಗವೇ ಭಯದ ಜಾಗವಾಗುವುದು ದೊಡ್ಡ ನಷ್ಟ. ಫಸಲಿನ ನಷ್ಟವನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ, ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಎರಡು ಸುತ್ತುಗಳನ್ನು ಬೇರೆ ಮಾಡಿ. ವಾರದಲ್ಲಿ ಒಂದು ದಿನ ರೋಗ ನೋಡುವ ಸುತ್ತು. ಕೈಯಲ್ಲಿ ಪುಸ್ತಕ ಇರಲಿ, ಸಾಧ್ಯವಾದರೆ ನೆರೆಯ ತೋಟದವರೊಬ್ಬರು ಜೊತೆಗಿರಲಿ, ಯಾವ ಸಾಲಿನಲ್ಲಿ ಎಷ್ಟು ಎಂದು ಬರೆದುಕೊಂಡು ಕೃಷಿಭವನಕ್ಕೋ ಕಾಸರಗೋಡಿನ ಸಿಪಿಸಿಆರ್‌ಐಗೋ ಕೊಂಡೊಯ್ಯಿರಿ. 1916ರಿಂದ ನಮ್ಮೂರಿನಲ್ಲೇ ಇರುವ ತೋಟದ ಬೆಳೆಗಳ ಸಂಶೋಧನಾ ಕೇಂದ್ರ ಅದು, ಕೇಳಲು ಸಂಕೋಚ ಬೇಡ. ಮರ ಹತ್ತುವವರ ಸಮಸ್ಯೆಯೂ ಒಂಟಿಯಾಗಿ ಬಿಡಿಸುವಂಥದ್ದಲ್ಲ. ನಾಲ್ಕೈದು ಮನೆಯವರು ಸೇರಿ ಒಬ್ಬರನ್ನು ಒಟ್ಟಿಗೆ ಗೊತ್ತು ಮಾಡಿದರೆ ಅವರಿಗೂ ಸತತ ಕೆಲಸ, ನಿಮಗೂ ಭರವಸೆ.

ಉಳಿದ ದಿನ ಬೆಳಿಗ್ಗೆ ತೋಟಕ್ಕೆ ಹೋಗಲೇಬೇಡಿ ಎನ್ನುವುದಿಲ್ಲ. ತಲೆ ಎತ್ತಿ ನೋಡುವ ಕೆಲಸ ಇಲ್ಲದ ಕಡೆ ಹೋಗಿ. ನಿಮ್ಮ ಕಡೆ ಹೆಚ್ಚಿನ ಮನೆಗಳಿಗೆ ಸುರಂಗ ಇದೆ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲದಲ್ಲಿ, ಪಿಕಾಸಿಯಿಂದ ಕೊರೆದದ್ದು. ಒಳಗೆ ಮೇಣದಬತ್ತಿ ಹಚ್ಚಿಟ್ಟು ಅಗೆಯುತ್ತಿದ್ದರು, ಅದು ಆರಿದರೆ ಉಸಿರಾಟಕ್ಕೆ ಗಾಳಿ ಸಾಲದು ಎಂದು ಹೊರಗೆ ಬರುತ್ತಿದ್ದರು. ಅದರ ಬಾಯಿಯ ಹತ್ತಿರ ಹತ್ತು ನಿಮಿಷ ಕುಳಿತುಕೊಳ್ಳಿ. ಕಾಲಿಗೆ ತಂಪು ಹತ್ತುತ್ತದೆ, ಗೋಡೆಯಿಂದ ಜಿನುಗಿದ ನೀರು ಕಾಲುವೆಯಲ್ಲಿ ಹರಿದು ಕೆರೆಗೆ ಬೀಳುವ ಸದ್ದು ಕೇಳಿಸುತ್ತದೆ. ಆ ಸದ್ದನ್ನು ಕೇಳುವುದಷ್ಟೇ ಆಗಿನ ಕೆಲಸ.

ಇನ್ನೊಂದು ಮಾತು. ರಾತ್ರಿ ಅಡಿಕೆ ಸುಲಿಯಲು ಮನೆಯವರನ್ನು, ನೆರೆಯವರನ್ನು ಕೂಡಿಸಿಕೊಳ್ಳಿ, ಸಂಬಳಕ್ಕೆ ಯಂತ್ರದವರನ್ನು ಕರೆಯುವ ಅನುಕೂಲ ಇದ್ದರೂ ಸ್ವಲ್ಪ ಕೈಯಿಂದ ಸುಲಿಯಲು ಉಳಿಸಿಕೊಳ್ಳಿ. ನಮ್ಮ ಗಂಡಸರು ಎದುರುಬದುರು ಕುಳಿತು ಮನಸ್ಸಿನ ಮಾತು ಆಡುವುದು ಅಪರೂಪ. ಕಣ್ಣು ಕತ್ತಿಯ ಮೇಲೆ, ಕೈ ಅಡಿಕೆಯ ಮೇಲೆ ಇರುವಾಗ 'ಈ ಸಲ ಸಾಲ ಕಟ್ಟಲು ಆಗಲಿಕ್ಕಿಲ್ಲ' ಎಂಬ ಮಾತು ಸಲೀಸಾಗಿ ಹೊರಗೆ ಬರುತ್ತದೆ. ಬಂದರೆ ಬ್ಯಾಂಕಿಗೆ ಹೋಗಿ ಅವಧಿ ಕೇಳುವ ದಾರಿಯನ್ನು ಯಾರಾದರೂ ಹೇಳುತ್ತಾರೆ. ಒಳಗೇ ಇದ್ದರೆ ಅದು ಕೊರೆಯುತ್ತದೆ.

ಇನ್ನೊಬ್ಬ ಸದಸ್ಯರು: ನಿದ್ದೆಗೆ ಒಂದು ಪೆಗ್ ಹಾಕಿಕೊಂಡರೆ ತೊಂದರೆಯೇ?

ಉತ್ತರ: ತೊಂದರೆಯೇ. ಬೇಗ ನಿದ್ದೆ ಬರುತ್ತದೆ, ರಾತ್ರಿಯ ಎರಡನೇ ಅರ್ಧದಲ್ಲಿ ಒಡೆಯುತ್ತದೆ, ಬೆಳಿಗ್ಗೆ ಆತಂಕ ಹೆಚ್ಚಿರುತ್ತದೆ. ಕೆಲವು ದಿನಗಳಲ್ಲಿ ಒಂದು ಸಾಲದೆ ಎರಡು ಬೇಕಾಗುತ್ತದೆ.

ಪ್ರಶ್ನೆ (ಉಪ್ಪಳದ ಯುವಕ): ಬಿ.ಎಡ್. ಮುಗಿಸಿ ಸರಕಾರಿ ಕೆಲಸಕ್ಕಾಗಿ ಪಿಎಸ್‌ಸಿ ರ‍್ಯಾಂಕ್ ಪಟ್ಟಿಯಲ್ಲಿದ್ದೇನೆ. ಕರೆ ಬರಬಹುದು, ಬಾರದೆಯೂ ಇರಬಹುದು. ಎಲ್ಲರೂ ಧ್ಯಾನ ಮಾಡು ಎನ್ನುತ್ತಾರೆ. ಕಣ್ಣು ಮುಚ್ಚಿದರೆ ಎದೆಬಡಿತ ಇನ್ನೂ ಜೋರಾಗುತ್ತದೆ.

ಉತ್ತರ: ಕಣ್ಣು ಮುಚ್ಚಿ ಕುಳಿತಾಗ ಆತಂಕ ಹೆಚ್ಚಾಗುವವರು ಇದ್ದಾರೆ, ಇದು ವೈದ್ಯರಿಗೆ ಗೊತ್ತಿರುವ ಸಂಗತಿ. ನಿಮ್ಮಲ್ಲಿ ಕೊರತೆ ಏನೂ ಇಲ್ಲ. ಕಣ್ಣು ತೆರೆದೇ ಇರಲಿ, ನಡೆಯುತ್ತಾ ಮಾಡಿ: ನಾಲ್ಕು ಹೆಜ್ಜೆಗೆ ಉಸಿರು ಒಳಗೆ, ಆರು ಹೆಜ್ಜೆಗೆ ಹೊರಗೆ. ಉಸಿರು ಬಿಡುವ ಹೊತ್ತಿನಲ್ಲಿ ಹೃದಯದ ಬಡಿತ ತುಸು ನಿಧಾನವಾಗುತ್ತದೆ, ಬಿಡುವುದನ್ನು ಉದ್ದ ಮಾಡಿದರೆ ಅದರ ಲಾಭ ಸಿಗುತ್ತದೆ. ಮೈದಾನದಲ್ಲಿ ಸಂಜೆ ಹುಡುಗರು ಆಡುತ್ತಿದ್ದರೆ ಸೇರಿಕೊಳ್ಳಿ, ಅದು ಇನ್ನೂ ಒಳ್ಳೆಯದು.

ಪಿಎಸ್‌ಸಿಯ ತುಳಸಿ ಪೋರ್ಟಲನ್ನು ದಿನಕ್ಕೊಮ್ಮೆ, ಒಂದೇ ಹೊತ್ತಿಗೆ ನೋಡಿ. ಮತ್ತೆ ಮತ್ತೆ ತೆರೆದು ನೋಡಿದರೆ ಒಂದು ಕ್ಷಣದ ಸಮಾಧಾನ ಸಿಕ್ಕಿ ಮರುಕ್ಷಣವೇ ತಳಮಳ ಬೆಳೆಯುತ್ತದೆ. ಪಟ್ಟಿಯ ಅವಧಿ ಸಾಮಾನ್ಯವಾಗಿ 3 ವರ್ಷಗಳವರೆಗೆ ಹೋಗಬಹುದು. ಅಷ್ಟು ಕಾಲ ಬದುಕನ್ನು ಕಾಯಿಸಿಡಬೇಡಿ. ಗ್ರಂಥಾಲಯದಲ್ಲೋ ಮನೆಯ ಜಗಲಿಯಲ್ಲೋ ಕನ್ನಡ ಮಾಧ್ಯಮದ ನಾಲ್ಕು ಮಕ್ಕಳಿಗೆ ಪಾಠ ಹೇಳಲು ಶುರು ಮಾಡಿ. ಮದುವೆ ಮನೆಗಳಲ್ಲಿ 'ಕೆಲಸ ಆಯಿತೇ' ಎಂದು ಕೇಳುವವರಿಗೂ ಆಗ 'ಪಾಠ ಮಾಡುತ್ತಿದ್ದೇನೆ, ಪಟ್ಟಿಯಲ್ಲೂ ಇದ್ದೇನೆ' ಎಂಬ ನೇರ ಉತ್ತರ ಇರುತ್ತದೆ.

ಪ್ರಶ್ನೆ (ಕುಂಬಳೆಯ ನಿವೃತ್ತ ಅಧ್ಯಾಪಕರು): ಡಾಕ್ಟರೇ, ಒರಟಾಗಿ ಕೇಳುತ್ತೇನೆ. ಎಂಡೋಸಲ್ಫಾನ್ ಕೀಟನಾಶಕದಿಂದ ಪೀಡಿತರಾದ ಮಕ್ಕಳನ್ನು ವರ್ಷಗಟ್ಟಲೆ ಎತ್ತಿ ಆಡಿಸಿದ ತಾಯಂದಿರು ನಮ್ಮ ಸುತ್ತ ಇದ್ದಾರೆ. ಅವರ ಮುಂದೆ ಹೂವು, ಕಷಾಯ ಎನ್ನಲು ನಾಲಿಗೆ ಏಳುತ್ತದೆಯೇ?

ಉತ್ತರ: ಏಳುವುದಿಲ್ಲ ಮಾಸ್ತರೇ, ಏಳಲೂಬಾರದು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಆ ವಿಷ ಸುರಿದದ್ದು ಇಪ್ಪತ್ತಕ್ಕೂ ಹೆಚ್ಚು ವರ್ಷ. ಸುಪ್ರೀಂ ಕೋರ್ಟು ನಿಷೇಧಿಸಿದ್ದು 2011ರಲ್ಲಿ. ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದು ಅದೇ ನ್ಯಾಯಾಲಯ 2017ರ ಜನವರಿಯಲ್ಲಿ ಆದೇಶಿಸಿತು. ಹಕ್ಕಿನ ಹಣಕ್ಕೆ ಬದಲಾಗಿ ಯಾರಾದರೂ ಮನಶ್ಶಾಂತಿಯ ಪಾಠ ಹೇಳಿದರೆ ನನಗೂ ಸಿಟ್ಟು ಬರುತ್ತದೆ.

ಆದರೆ ಆ ತಾಯಂದಿರೇ ನನಗೆ ಹೇಳಿದ್ದು ಬೇರೆ. ಅವರಲ್ಲೊಬ್ಬರು ಕೇಳಿದ್ದು ಇಷ್ಟೇ: ತಲೆಗೆ ಎಣ್ಣೆ ಹಚ್ಚಿ, ಬಿಸಿನೀರು ಕಾಯಿಸಿ, ಯಾರೂ ಕರೆಯದೆ ನಿಧಾನವಾಗಿ ಸ್ನಾನ ಮಾಡಬೇಕು. ಇದನ್ನು ಅವರಿಗೆ ಕೊಡಲು ಉಪದೇಶ ಬೇಡ, ಮಗುವಿನ ಬಳಿ ಒಂದು ಗಂಟೆ ಕುಳಿತುಕೊಳ್ಳಬಲ್ಲ ಇನ್ನೊಬ್ಬರು ಬೇಕು. ಗುಂಪಿನ ಸದಸ್ಯರಲ್ಲಿ ಕೇಳಿಕೊಳ್ಳುತ್ತೇನೆ, ನಿಮ್ಮ ನೆರೆಯಲ್ಲಿ ಅಂಥ ಮನೆ ಇದ್ದರೆ ವಾರಕ್ಕೊಂದು ಮಧ್ಯಾಹ್ನ ಹೋಗಿ. ಮಗುವಿಗೆ ಊಟ ಮಾಡಿಸುವ ಕ್ರಮವನ್ನು, ಮಗ್ಗುಲು ಬದಲಾಯಿಸುವ ಕ್ರಮವನ್ನು ಮೊದಲು ತಾಯಿಯಿಂದ ಕಲಿತುಕೊಳ್ಳಿ. ಹತ್ತಿರದ ಬಡ್ಸ್ ಶಾಲೆಗೆ (ಬುದ್ಧಿ ಬೆಳವಣಿಗೆಯ ತೊಂದರೆ ಇರುವ ಮಕ್ಕಳ ವಿಶೇಷ ಶಾಲೆ) ಮಗುವನ್ನು ಸೇರಿಸಲು, ಆರೈಕೆ ಮಾಡುವವರಿಗಾಗಿ ಇರುವ ಆಶ್ವಾಸಕಿರಣಂ ಸಹಾಯಧನಕ್ಕೆ ಹೊಸ ಅರ್ಜಿ ತೆಗೆದುಕೊಳ್ಳುತ್ತಾರೆಯೇ ಎಂದು ವಿಚಾರಿಸಲು ನಿಮ್ಮಂಥ ಅಧ್ಯಾಪಕರು ಜೊತೆಗೆ ನಿಂತರೆ ಅದು ಎಷ್ಟೋ ದೊಡ್ಡದು.

ಪ್ರಶ್ನೆ (ಮುಳ್ಳೇರಿಯದ ಸದಸ್ಯೆ): ಇದೆಲ್ಲ ಮಾಡಿದರೂ ಆಗದಿದ್ದರೆ? ಡಾಕ್ಟರ ಹತ್ತಿರ ಹೋಗುವುದು ಯಾವಾಗ? ಅಮ್ಮ ಔಷಧಿ ಅಂಗಡಿಯಿಂದ ನಿದ್ದೆ ಮಾತ್ರೆ ತರಿಸುತ್ತಿದ್ದಾರೆ.

ಉತ್ತರ: ಎರಡು ವಾರ ಹೆಚ್ಚುಕಡಿಮೆ ಪ್ರತಿದಿನ ಮನಸ್ಸು ಕುಗ್ಗಿದ್ದರೆ, ಅಥವಾ ಇಷ್ಟದ ಕೆಲಸದಲ್ಲೂ ರುಚಿ ಇಲ್ಲವಾಗಿದ್ದರೆ, ಜೊತೆಗೆ ನಿದ್ದೆ, ಊಟ, ಕೆಲಸ ಕೆಟ್ಟಿದ್ದರೆ ಕಾಯಬೇಡಿ. ಆ ಹಂತದಲ್ಲಿ 'ಹೂ ಕಟ್ಟು, ನಡೆದಾಡು' ಎಂದು ಹೇಳಿದರೆ ಆಗದವರಿಗೆ ಇನ್ನಷ್ಟು ಕುಗ್ಗಿದಂತಾಗುತ್ತದೆ, ಅವರಿಗೆ ಬೇಕಿರುವುದು ಚಿಕಿತ್ಸೆ. ಬದುಕುವುದೇ ಬೇಡ ಎಂಬ ಯೋಚನೆ ಒಮ್ಮೆ ಬಂದರೂ ಅದೇ ದಿನ ಯಾರಿಗಾದರೂ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416, ಕೇರಳದ ದಿಶಾ 1056. ಎರಡೂ ಉಚಿತ, ಹಗಲು ರಾತ್ರಿ ಸಿಗುತ್ತವೆ. 14416ರಲ್ಲಿ ಕನ್ನಡವನ್ನು ಆರಿಸಿಕೊಳ್ಳಬಹುದು. ಊರಿನವರ ಕಣ್ಣಿಗೆ ಬೀಳುವ ಅಳುಕಿದ್ದರೆ ನಿಮ್ಮ ಕುಟುಂಬ ಆರೋಗ್ಯ ಕೇಂದ್ರಕ್ಕೇ ಹೋಗಿ, ಜ್ವರಕ್ಕೆ ಹೋಗುವ ಬಾಗಿಲೇ ಅದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಯಾವ ದಿನ ಎಲ್ಲಿಗೆ ಬರುತ್ತದೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ.

ಅಮ್ಮನ ಮಾತ್ರೆ ಆಲ್ಪ್ರಜೋಲಾಮ್ ಅಥವಾ ಆ ಬಗೆಯದ್ದಾಗಿದ್ದರೆ ಕೆಲವೇ ವಾರಗಳಲ್ಲಿ ದೇಹ ಅದಕ್ಕೆ ಒಗ್ಗಿಹೋಗುತ್ತದೆ. ಇದನ್ನು ಓದಿ ಗಾಬರಿಯಿಂದ ಇವತ್ತೇ ನಿಲ್ಲಿಸಿಬಿಡಬೇಡಿ, ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವೂ ಇದೆ. ಸ್ವಲ್ಪ ಸ್ವಲ್ಪವೇ ಇಳಿಸಬೇಕು, ಅದನ್ನು ವೈದ್ಯರು ಬರೆದುಕೊಡುತ್ತಾರೆ. ಈ ವಾರದಲ್ಲೇ ಅಮ್ಮನನ್ನು ಕರೆದುಕೊಂಡು ಹೋಗಿ, ಮಾತ್ರೆಯ ಸ್ಟ್ರಿಪ್ಪನ್ನು ಮರೆಯದೆ ಕೈಯಲ್ಲಿ ಹಿಡಿದುಕೊಳ್ಳಿ, ದಿನಕ್ಕೆ ಎಷ್ಟು ಮತ್ತು ಎಷ್ಟು ಕಾಲದಿಂದ ಎನ್ನುವುದನ್ನು ಅವರಿಂದಲೇ ಕೇಳಿ ಒಂದು ಚೀಟಿಯಲ್ಲಿ ಬರೆದುಕೊಂಡಿರಿ.