ಅಪ್‌ಡೇಟ್: ಘಟ್ಟದಲ್ಲಿ ಗೇರ್‌ಬಾಕ್ಸ್ ಊಳಿಡುತ್ತಿತ್ತಲ್ಲ, ಕಾರಣ ಸಿಕ್ಕಿತು

ಅಡಿಕೆ ಸುಲಿಯುವ ಮೆಷಿನ್‌ನ ಟ್ರೈಲರ್ ಕಟ್ಟಿಕೊಂಡು ಹುಲಿಕಲ್ ಘಾಟಿ ಹತ್ತುವಾಗ ನನ್ನ ಡೀಸೆಲ್ ಪಿಕಪ್‌ನ ಗೇರ್‌ಬಾಕ್ಸ್ ಊಳಿಡುತ್ತದೆ, ಕ್ಲಚ್ ಹೋಯ್ತಾ, ಗಾಡಿ ಮಾರಿಬಿಡಲಾ ಎಂದು ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಕ್ಲಚ್ ಚೆನ್ನಾಗಿದೆ. ಮಾರುವುದಿಲ್ಲ.

ಶಿವಮೊಗ್ಗದ ಮೆಕ್ಯಾನಿಕ್ ಮೊದಲು ಓಡಿಸಿ ನೋಡಿದರು. 3ನೇ ಗೇರಿನಲ್ಲಿ ಸದ್ದು, 4ರಲ್ಲಿ ಹೆಚ್ಚುಕಮ್ಮಿ ಇಲ್ಲ, 5ಕ್ಕೆ ಹಾಕಿದರೆ ಮತ್ತೆ ಶುರು. ಈ ಗಾಡಿಯಲ್ಲಿ 4ನೇ ಗೇರ್ ಅಂದರೆ ನೇರ ಓಟ, ಇಂಜಿನ್ ಬಲ ಸೀದಾ ಚಕ್ರದ ಕಡೆಗೆ ಹೋಗುತ್ತದೆ, ಗೇರ್‌ಬಾಕ್ಸ್ ಒಳಗೆ ಕೆಳಗಿರುವ ಶಾಫ್ಟ್ ಮೇಲೆ ಭಾರ ಬೀಳುವುದಿಲ್ಲ. ಹಾಗಾಗಿ ಆ ಶಾಫ್ಟಿನ ಬೇರಿಂಗೇ ಇರಬೇಕು ಎಂದರು. ಆಯಿಲ್ ಇಳಿಸಿದಾಗ ನನ್ನ ಎದೆ ಧಸಕ್ಕೆಂದಿತು. ಹಾಲು ಹಾಕಿದ ಕಾಫಿಯ ಬಣ್ಣ! ಅಂದರೆ ಆಯಿಲಿಗೆ ನೀರು ಸೇರಿದೆ. ಡ್ರೈನ್ ಪ್ಲಗ್ಗಿನ ಮ್ಯಾಗ್ನೆಟ್ ಮೇಲೆ ಕಬ್ಬಿಣದ ಪುಡಿ ಮುಳ್ಳುಮುಳ್ಳಾಗಿ ನಿಂತಿತ್ತು.

ನೀರು ಬಂದದ್ದು ನಮ್ಮ ತೋಟದ ದಾರಿಯ ಹಳ್ಳದಿಂದ. ಭಾರ ಎಳೆದು ಕಾದ ಗೇರ್‌ಬಾಕ್ಸ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ, ಬ್ರೀದರ್‌ನಿಂದ (ಗೇರ್‌ಬಾಕ್ಸಿಗೆ ಗಾಳಿಯಾಡುವ ಸಣ್ಣ ತೂತು) ನೀರು ಒಳಗೆ ಎಳೆದುಕೊಳ್ಳುತ್ತದೆ. ಮಳೆಗಾಲವಿಡೀ ಹೀಗೇ ಆಗಿದೆ, ಪಾಪ.

ಬೇರಿಂಗ್, ಸೀಲ್, ಆಯಿಲ್ ಎಲ್ಲ ಹೊಸದು. ಬ್ರೀದರ್‌ಗೆ ಪೈಪ್ ಹಾಕಿ ಬಾನೆಟ್ ಎತ್ತರಕ್ಕೆ ಏರಿಸಿದ್ದಾರೆ. ಟ್ರೈಲರ್ ಇದ್ದಾಗ 5ನೇ ಗೇರ್ ಮುಟ್ಟಬೇಡಿ ಎಂದಿದ್ದಾರೆ, ಮುಟ್ಟುತ್ತಿಲ್ಲ.

ನಿನ್ನೆ ಅದೇ ಟ್ರೈಲರ್ ಜೊತೆ ಅದೇ ಘಾಟಿ ಹತ್ತಿದೆ. ಕಿಟಕಿ ಇಳಿಸಿ ಕಿವಿಗೊಟ್ಟೆ. ಇಂಜಿನ್ ಸದ್ದು ಬಿಟ್ಟರೆ ಜೀರುಂಡೆ ಸದ್ದು ಅಷ್ಟೇ.