ಚಿತ್ರದುರ್ಗ ಕೋಟೆಗೆ ಫೈಬರ್, ವೈಫೈ ಬಂದ್ರೆ ಪ್ರವಾಸಿಗರು ಹೆಚ್ತಾರಾ?

ದುರ್ಗದ_ಹಾದಿ: ನೆಟ್‌ವರ್ಕಿಗೆ ದುಡ್ಡು ಹಾಕಿದ್ರೆ ಪ್ರವಾಸೋದ್ಯಮ ತಾನಾಗೇ ಬೆಳೆಯುತ್ತೆ ಅಂತಾರೆ. ಕೋಟೆಯ ಮಟ್ಟಿಗೆ ಇದು ನಿಜಾನಾ? ಮೊದಲು ಎಲ್ಲಿ ಖರ್ಚು ಮಾಡಬೇಕು?

ಕೇಬಲ್_ಕಟ್ಟೆ: ಕೋಟೆ ತುಂಬ ವೈಫೈ ಅನ್ನೋದನ್ನ ಮರೆತುಬಿಡಿ. ರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ. ಟವರ್ ಏನಿದ್ರೂ ಹೊರಗೇ. ಒಳಗೆ ಗ್ರಾನೈಟ್ ಬಂಡೆಗಳು ಅಡ್ಡ, ಒನಕೆ ಓಬವ್ವನ ಕಿಂಡಿಯಂಥ ಸಂದಿಗಳಿಗೆ ಹೊರಗಿನ ಸಿಗ್ನಲ್ ಇಳಿಯೋದು ಕಷ್ಟ.

ದುಡ್ಡು ಹೋಗಬೇಕಾದ್ದು ಟಿಕೆಟ್ ಕೌಂಟರಿಗೆ. ಭಾರತೀಯರಿಗೆ ನಗದಿಗೆ 25 ರೂಪಾಯಿ, ಆನ್‌ಲೈನಿಗೆ 20. ಹಾಗಾಗಿ ಭಾನುವಾರ ಎಲ್ಲರೂ ಬಾಗಿಲ ಮುಂದೇನೇ ನಿಂತು ಕ್ಯೂಆರ್ ಹೊಡೀತಾರೆ, ಮೊಬೈಲ್ ಟವರಿಗೆ ಹೊರೆ ಹೆಚ್ಚಾಗಿ ನೆಟ್ ಸಿಕ್ಕಿಹಾಕಿಕೊಳ್ಳುತ್ತೆ. ಉಚಿತ ವೈಫೈ ಇಟ್ರೂ ಲಾಗಿನ್‌ಗೆ ಓಟಿಪಿ ಬೇಕು, ಅದು ಬರೋದು ಹೊರೆ ಹೆಚ್ಚಾದ ಅದೇ ಟವರಿಂದ! ಹೊರದೇಶದವರ ಸಿಮ್ಮಿಗಂತೂ ಎಷ್ಟೋ ಸಲ ಬರೋದೇ ಇಲ್ಲ. ಟಿಕೆಟ್ ಸೈಟು, ಯುಪಿಐ ಇಷ್ಟನ್ನ ಓಟಿಪಿ ಇಲ್ಲದೆ ತೆರೆಯೋ ಹಾಗೆ ಸೆಟ್ ಮಾಡಿಸೋಕೆ ಆಗುತ್ತಾ ಅಂತ ವೈಫೈ ಕೊಡೋರನ್ನ ಮೊದಲು ಕೇಳಿ.

ಸಾಮಾನು ಹೆಚ್ಚಿಲ್ಲ: ಒಂದು ಓಎನ್‌ಟಿ (ಫೈಬರ್ ಬಂದು ಸೇರೋ ಸಾಧನ), ಎರಡು ಆಕ್ಸೆಸ್ ಪಾಯಿಂಟ್ (ವೈಫೈ ಹರಡೋ ಸಾಧನ). ಒಂದೊಂದು ಆಕ್ಸೆಸ್ ಪಾಯಿಂಟಿಗೆ 30-40 ಫೋನ್ ಅಂತ ಲೆಕ್ಕ ಇಡಿ, ಡಬ್ಬದ ಮೇಲೆ ಬರೆದಿರೋ ಸಂಖ್ಯೆ ನಂಬಬೇಡಿ. ಮೂರೂ ಸೇರಿ ಸುಮಾರು 40 ವಾಟ್. 12 ವೋಲ್ಟಿನ 40 ಎಎಚ್ (ಆಂಪಿಯರ್-ಅವರ್) ಲೆಡ್ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಿದ್ರೂ ಐದು ಗಂಟೆ ಬರುತ್ತೆ. ಬ್ಯಾಟರಿ ಇಲ್ದಿದ್ರೆ ಕರೆಂಟ್ ಹೋದ ಕ್ಷಣ ಫೈಬರ್ ಇದ್ದೂ ಇಲ್ಲದ ಹಾಗೆ. ಇನ್ನೊಂದು ಕಾಟ ಜೆಸಿಬಿ. ಚರಂಡಿ ಕೆಲಸಕ್ಕೆ ಅಗೆದಾಗ ಕೇಬಲ್ ತುಂಡು, ಅದಕ್ಕೆ 4ಜಿ ಸಿಮ್ ಹಾಕೋ ರೂಟರ್ ಒಂದು ಪಕ್ಕದಲ್ಲಿರಲಿ.

ಬೆಣ್ಣೆನಗರಿ: ಕೌಂಟರ್ ಸರಿ, ಆದ್ರೆ ಲಾಭ ಯಾರ ಕೈಗೆ? ಕೀನ್ಯಾದ ಮೊಂಬಾಸಾಕ್ಕೆ 2009ರಲ್ಲಿ ಸಮುದ್ರದಡಿಯ ಕೇಬಲ್ ಬಂತು, ಸಣ್ಣ ಪ್ರವಾಸಿ ಸಂಸ್ಥೆಗಳೂ ಆನ್‌ಲೈನಿಗೆ ಬಂದವು. ಗ್ರಾಹಕ ಮಾತ್ರ ದೊಡ್ಡ ಬುಕಿಂಗ್ ಸೈಟುಗಳ ಕೈಯಲ್ಲೇ ಉಳಿದ. ಇಲ್ಲೂ ಅದೇ. ₹2000ದ ರೂಮಿಗೆ 20% ಕಮಿಷನ್ ಅಂದ್ರೆ 400, ಅದರ ಮೇಲೆ 18% ಜಿಎಸ್‌ಟಿ 72. ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ಲಾಡ್ಜಿಗೆ ಆ 72 ವಾಪಸ್ ಸಿಗಲ್ಲ. ಮ್ಯಾಪಲ್ಲಿ ಸರಿಯಾದ ಜಾಗ, ಫೋನ್ ನಂಬರ್, ಈಗಿನ ಫೋಟೋ ಹಾಕಿ ನೇರ ಬುಕಿಂಗ್ ಹಿಡಿಯೋದೇ ವಾಸಿ, ಅದಕ್ಕೆ ಖರ್ಚೂ ಇಲ್ಲ. ಸಂತೆಬೆನ್ನೂರು ಪುಷ್ಕರಣಿ, ಹರಿಹರೇಶ್ವರ ದೇವಸ್ಥಾನಗಳನ್ನೂ ಕೋಟೆಗೆ ಜೋಡಿಸಿ ಎರಡು ದಿನದ ದಾರಿ ಮಾಡಿ. ಒಂದು ರಾತ್ರಿ ಉಳಿದ್ರೇನೇ ಊರಿಗೆ ದುಡ್ಡು.

ಅಂಕಿ_ಅಂಶ: ಫೈಬರ್ ಹಾಕಿದ ಮೇಲೆ ಟಿಕೆಟ್ ಜಾಸ್ತಿ ಆಯ್ತು ಅಂತ ಯಾರಾದ್ರೂ ಗ್ರಾಫ್ ತೋರಿಸಿದ್ರೆ ಜೋಪಾನ. ಜೂನ್ 2023ರಿಂದ ಶಕ್ತಿ ಯೋಜನೆ ಇದೆ, ಹೆಣ್ಮಕ್ಕಳು ಬಸ್ಸಲ್ಲಿ ಓಡಾಡೋದೇ ಹೆಚ್ಚಾಗಿದೆ. 2022ರಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ಜನ ಮುಗಿಬಿದ್ದದ್ದು ನೆಟ್‌ವರ್ಕಿಂದ ಅಲ್ಲ. ಶಕ್ತಿ ಯೋಜನೆ ಇರೋ, ಹೊಸ ಫೈಬರ್ ಬಾರದ ಇನ್ನೊಂದು ಟಿಕೆಟ್ ಸ್ಮಾರಕವನ್ನ ಪಕ್ಕಕ್ಕಿಟ್ಟು, ಎರಡರ ಏರಿಕೆಯ ವ್ಯತ್ಯಾಸ ನೋಡಿ. 15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, ಶಾಲೆ ಪ್ರವಾಸದ ಮಕ್ಕಳು ಆ ಲೆಕ್ಕಕ್ಕೆ ಬರಲ್ಲ.

ದುರ್ಗದ_ಹಾದಿ: ಹಾಗಾದ್ರೆ ಕೌಂಟರ್ ಮೇಲೆ ಸೋಲಾರ್ ಹಾಕಿಸಬಹುದಾ?

ಕೇಬಲ್_ಕಟ್ಟೆ: ಕೌಂಟರ್ ಇರೋದೇ ನಿಷೇಧಿತ ವಲಯದಲ್ಲಿ, ಪುರಾತತ್ವ ಇಲಾಖೆಯನ್ನ ಕೇಳದೆ ಒಂದು ಕಂಬಾನೂ ನೆಡಬೇಡಿ. ಸದ್ಯಕ್ಕೆ ಬ್ಯಾಟರಿ ಸಾಕು.