ಸಹಾಯ ಬೇಕು: ಮಗನ ಟ್ರಾವೆಲ್ ಬೇಸ್‌ಬಾಲ್ ಟ್ರೈಔಟ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಾವಿರುವುದು ನ್ಯೂಜೆರ್ಸಿಯ ಎಡಿಸನ್ ಹತ್ತಿರ. ಮಗನಿಗೆ 9 ವರ್ಷ. ಇಷ್ಟು ದಿನ ಊರಿನ ಮಕ್ಕಳ ಬೇಸ್‌ಬಾಲ್ ಲೀಗ್ ಆದ ಲಿಟಲ್ ಲೀಗ್‌ನಲ್ಲಿ ಆಡುತ್ತಿದ್ದ. ಅಲ್ಲಿ ಹೆಸರು ಕೊಟ್ಟವರಿಗೆಲ್ಲ ಒಂದು ತಂಡ ಸಿಗುತ್ತದೆ. ಈಗ ಟ್ರಾವೆಲ್ ಟೀಮ್ (ಆಯ್ಕೆಯಾದ ಮಕ್ಕಳು ಬೇರೆ ಊರುಗಳಿಗೂ ಹೋಗಿ ಆಡುವ ತಂಡ) ಸೇರಲೇಬೇಕು ಅಂತ ಹಠ. ಆಗಸ್ಟ್‌ನಲ್ಲಿ ಟ್ರೈಔಟ್, ಅಂದರೆ ಆಯ್ಕೆ ಪರೀಕ್ಷೆ. ಆಯ್ಕೆಯಾದರೆ ಮುಂದಿನ ಬೇಸಿಗೆವರೆಗೂ ಅದೇ ತಂಡ. ನಾನೋ, ಕ್ರಿಕೆಟ್ ಬಿಟ್ಟರೆ ಬೇರೆ ಆಟ ಗೊತ್ತಿಲ್ಲದವನು!

ವಿಚಾರಿಸಿದಾಗ ತಿಳಿದದ್ದು ಇಷ್ಟು: ಬೆನ್ನಿಗೆ ನಂಬರ್ ಅಂಟಿಸುತ್ತಾರೆ, ಓಟದ ಟೈಮ್ ನೋಡುತ್ತಾರೆ, ಗ್ರೌಂಡ್ ಬಾಲ್ ಹಿಡಿದು ಫಸ್ಟ್ ಬೇಸ್‌ಗೆ ಎಸೆಯಲು ಹೇಳುತ್ತಾರೆ, ಆಮೇಲೆ ಸ್ವಲ್ಪ ಬ್ಯಾಟಿಂಗ್. ಇವನ ಬ್ಯಾಟಿಂಗ್ ಚೆನ್ನಾಗಿದೆ. ಆದರೆ ಬಾಲ್ ನೆಲದ ಮೇಲೆ ಪುಟಿಯುತ್ತಾ ಬಂದರೆ ಕೊನೇ ಗಳಿಗೆಯಲ್ಲಿ ಮುಖ ಆಚೆ ತಿರುಗಿಸುತ್ತಾನೆ. ಗ್ಲೋವ್ ಕೆಳಗೆ ನುಸುಳಿ ಹೋಗುತ್ತದೆ. ಇದೊಂದಕ್ಕೇ ಕೈಬಿಡುತ್ತಾರಾ?

ಬ್ಯಾಟ್ ಇನ್ನೊಂದು ತಲೆನೋವು. ಲಿಟಲ್ ಲೀಗ್‌ಗೆ ಯುಎಸ್‌ಎ ಬೇಸ್‌ಬಾಲ್ ಮುದ್ರೆ ಇರುವ ಬ್ಯಾಟ್ ಬೇಕಿತ್ತು, ಅದನ್ನೇ ಕೊಡಿಸಿದ್ದೇನೆ. ಟ್ರಾವೆಲ್ ಹುಡುಗರ ಕೈಯಲ್ಲಿ ನೋಡಿದರೆ ಜಾಸ್ತಿ ಯುಎಸ್‌ಎಸ್‌ಎಸ್‌ಎ ಅನ್ನುವ ಬೇರೊಂದು ಸಂಸ್ಥೆಯ ಮುದ್ರೆ ಇರುವ ಬ್ಯಾಟ್‌ಗಳೇ. ಟ್ರೈಔಟ್‌ಗೆ ಹಳೇದೇ ಸಾಕಲ್ವಾ? ಆಯ್ಕೆಯಾಗುವ ಮೊದಲೇ ಸುಮ್ನೆ 300 ಡಾಲರ್ ಸುರಿಯಲು ಮನಸ್ಸಿಲ್ಲ.

ಒಂದು ಕ್ಲಬ್‌ನವರು ಆಯ್ಕೆಯಾದ ಎರಡೇ ದಿನದಲ್ಲಿ ಡೆಪಾಸಿಟ್ ಕಟ್ಟಬೇಕು, ವಾಪಸ್ ಕೊಡುವುದಿಲ್ಲ ಅನ್ನುತ್ತಾರೆ. ನಮಗೆ ಇಷ್ಟವಾದ ಇನ್ನೊಂದು ಕ್ಲಬ್‌ನ ಟ್ರೈಔಟ್ ಅದರ ಮರುವಾರ. ಸ್ವಲ್ಪ ಸಮಯ ಕೇಳಿದರೆ ತಪ್ಪು ತಿಳಿಯುತ್ತಾರಾ? ಕೋಚ್‌ಗಳ ಮಕ್ಕಳಿಗೆ ಮೊದಲೇ ಜಾಗ ಹಿಡಿದಿಟ್ಟಿರುತ್ತಾರೆ ಅಂತಲೂ ಕೇಳಿದೆ, ನಿಜವಾ?

ಮಕ್ಕಳನ್ನು ಕಳಿಸಿ ಅನುಭವ ಇರುವವರು ದಯವಿಟ್ಟು ಹೇಳಿ. ಇಲ್ಲಿ ಬೇಡ ಅಂದರೆ ಇನ್‌ಬಾಕ್ಸ್ ಮಾಡಿದರೂ ಸರಿ.